ಕಾಡುಗಿಚ್ಚು ಮತ್ತು ನಮ್ಮ ಮನೆ: ಹಿರಿಯರು ಕಾಯ್ದ ಬಗೆ, ನಾವು ಕಾಯಬೇಕಾದ ಬಗೆ



ನಮ್ಮ ಹಾಲು ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ನೆನಪಿಗೆ ತರುತ್ತಿರುವ ಈ ಸಂಚಿಕೆಯಲ್ಲಿ ಹಾಲಿನ ಲೆಕ್ಕ, ಷೇರಿನ ಲೆಕ್ಕ, ಕಟ್ಟಡದ ಲೆಕ್ಕವನ್ನೆಲ್ಲ ಬೇರೆಯವರು ಬರೆದಿದ್ದಾರೆ. ನಾವು ಬರೆಯಲು ಹೊರಟಿರುವುದು ಬೆಂಕಿಯ ವಿಷಯ. ಬೆಳ್ಳಿ ಹಬ್ಬದ ಪುಸ್ತಕದಲ್ಲಿ ಬೆಂಕಿಯ ಮಾತ್ಯಾಕಪ್ಪಾ ಅಂತ ಕೆಲವರು ಕೇಳಬಹುದು. ಸಂಘ ಕಟ್ಟಿ ನಾವು ಸಂಪಾದಿಸಿದ ಆಸ್ತಿ ಬ್ಯಾಂಕಿನ ಪುಸ್ತಕದಲ್ಲಿ ಇರೋದು ಸ್ವಲ್ಪ. ಮಿಕ್ಕಿದ್ದೆಲ್ಲ ನಮ್ಮ ಕೊಟ್ಟಿಗೆಯಲ್ಲಿದೆ, ಹಿತ್ತಲಿನ ಹುಲ್ಲಿನ ಮೆದೆಯಲ್ಲಿದೆ, ಮನೆಯ ಸೂರಿನ ಕೆಳಗಿದೆ. ಶಿವರಾತ್ರಿ ಮತ್ತು ಯುಗಾದಿ ನಡುವಿನ ಒಂದು ಮಧ್ಯಾಹ್ನ, ಗಾಳಿಯಲ್ಲಿ ಹಾರಿ ಬಂದ ಒಂದು ಕಿಡಿ ಇಷ್ಟನ್ನೂ ತೆಗೆದುಕೊಂಡು ಹೋಗಬಲ್ಲದು. ಆದ್ದರಿಂದ ಇದೂ ಸಂಘದ ವಿಷಯವೇ ಅಂತ ನಾವು ತಿಳಿದಿದ್ದೇವೆ.

ನಾವು ಓದಿದ್ದು ಎಸ್.ಎಸ್.ಎಲ್.ಸಿ. ತನಕ. ಹಿರಿಯರಿಂದ ಕೇಳಿದ್ದು, ಓದಿ ತಿಳಿದದ್ದು, ಕಣ್ಣಾರೆ ಕಂಡದ್ದು ಮೂರನ್ನೂ ಸೇರಿಸಿ ಇಲ್ಲಿ ಇಟ್ಟಿದ್ದೇವೆ.

ನಮ್ಮ ಸೀಮೆಯ ಒಣಗಾಲ

ನಮ್ಮದು ಗುಂಡ್ಲುಪೇಟೆ ತಾಲ್ಲೂಕಿನ ಕಾಡಂಚು. ಒಂದು ಕಡೆ ಗೋಪಾಲಸ್ವಾಮಿ ಬೆಟ್ಟ, ಅದರಾಚೆ ಬಂಡೀಪುರ, ಇನ್ನೂ ಆಚೆ ನೀಲಗಿರಿ. ಮುಂಗಾರಿನ ಮೋಡ ಪಶ್ಚಿಮದ ಬೆಟ್ಟಗಳಲ್ಲೇ ಬಹಳಷ್ಟು ಸುರಿದು, ಹಗುರಾಗಿ ನಮ್ಮ ಕಡೆ ಬರುತ್ತದೆ. ಹಿಂಗಾರು ಮುಗಿದ ಮೇಲೆ, ಅಂದರೆ ಡಿಸೆಂಬರಿನಿಂದ ಏಪ್ರಿಲ್‌ವರೆಗೆ, ಮಳೆಯ ಮಾತೇ ಕಡಿಮೆ. ನಮ್ಮ ಕಾಡು ಎಲೆ ಉದುರಿಸುವ ಕಾಡು. ದಿಂಡಲು, ತೇಗ, ಮತ್ತಿ ಎಲ್ಲವೂ ಮಾಗಿ ಕಳೆಯುತ್ತಿದ್ದ ಹಾಗೆ ಬೋಳಾಗಿ, ನೆಲದ ಮೇಲೆ ತರಗು ಮೊಣಕಾಲುದ್ದ ಬೀಳುತ್ತದೆ. ಆಳೆತ್ತರದ ಹುಲ್ಲು ಒಣಗಿ ನಿಲ್ಲುತ್ತದೆ.

ಇದರಲ್ಲಿ ಒಂದು ವಿಚಿತ್ರವಿದೆ. ಬರಗಾಲದ ವರ್ಷಕ್ಕಿಂತ ಒಳ್ಳೇ ಮಳೆಯಾದ ವರ್ಷದ ಮುಂದಿನ ಬೇಸಿಗೆಯಲ್ಲಿ ಬೆಂಕಿಯ ಭಯ ಜಾಸ್ತಿ. ಮಳೆ ಚೆನ್ನಾಗಿ ಆದರೆ ಹುಲ್ಲು ಚೆನ್ನಾಗಿ ಬೆಳೆಯುತ್ತದೆ, ಬೆಳೆದ ಹುಲ್ಲೆಲ್ಲ ಫೆಬ್ರವರಿಯಲ್ಲಿ ಸೌದೆಯಾಗುತ್ತದೆ. ಮಳೆ ಆಯ್ತು ಅಂತ ಮೈಮರೆಯುವ ವರ್ಷವೇ ಕಣ್ಣು ಬಿಟ್ಟುಕೊಂಡು ಇರಬೇಕಾದ ವರ್ಷ.

ಕಾಡುಗಿಚ್ಚಿಗೆ ಗಾಳಿ ಒಂದು ಕಾಲು, ಇಳಿಜಾರು ಇನ್ನೊಂದು ಕಾಲು. ಬೆಂಕಿ ಬೆಟ್ಟ ಇಳಿಯುವಾಗ ಮೆಲ್ಲಗೆ ಇಳಿಯುತ್ತದೆ, ಹತ್ತುವಾಗ ಓಡುತ್ತದೆ. ಉರಿಯ ನಾಲಿಗೆ ಮೇಲಿನ ಹುಲ್ಲನ್ನು ಮೊದಲೇ ಒಣಗಿಸಿ ಕಾಯಿಸಿ ಇಟ್ಟಿರುತ್ತದೆ. ಇಳಿಜಾರು ಹತ್ತು ಡಿಗ್ರಿ ಹೆಚ್ಚಾದಂತೆಲ್ಲ ಬೆಂಕಿಯ ವೇಗ ಸುಮಾರು ಎರಡರಷ್ಟಾಗುತ್ತದೆ ಅಂತ ಈ ಕೆಲಸದವರು ಲೆಕ್ಕ ಇಟ್ಟುಕೊಂಡಿದ್ದಾರೆ. ದಿಣ್ಣೆಯ ಮೇಲೆ ತೋಟದ ಮನೆ ಕಟ್ಟಿಕೊಂಡವರು ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಹಿರಿಯರು ಊರು ಕಟ್ಟಿದ ಬಗೆ

ನಮ್ಮ ಅಜ್ಜಂದಿರ ಕಾಲದಲ್ಲಿ ಮನೆಗಳು ಹೆಚ್ಚಾಗಿ ಹುಲ್ಲು ಹೊದಿಸಿದವು. ಅನುಕೂಲಸ್ಥರದು ನಾಡಹೆಂಚು. ಹುಲ್ಲಿನ ಮನೆ ಅಂದ ಮೇಲೆ ಬೆಂಕಿಯನ್ನು ಪಕ್ಕದಲ್ಲೇ ಮಲಗಿಸಿಕೊಂಡ ಹಾಗೆ. ಆದರೂ ಊರಿಗೆ ಊರೇ ವರ್ಷಾ ವರ್ಷಾ ಸುಟ್ಟು ಹೋಗಲಿಲ್ಲ. ಅದಕ್ಕೆ ಕಾರಣ ಅವರು ಪಾಲಿಸುತ್ತಿದ್ದ ಕಟ್ಟುಪಾಡು.

ಮೊದಲನೆಯದು ಕಣ. ಊರಿನಾಚೆ, ಮನೆಗಳಿಂದ ದೂರದಲ್ಲಿ, ನೆಲ ಕೆತ್ತಿ ಸಗಣಿ ಸಾರಿಸಿದ ಜಾಗ. ಒಕ್ಕಣೆ ಅಲ್ಲೇ, ರೋಣಗಲ್ಲು ಹೊಡೆಯುವುದು ಅಲ್ಲೇ, ರಾಗಿ ಹುಲ್ಲಿನ ಮೆದೆ ಒಟ್ಟುವುದೂ ಅಲ್ಲೇ. ಮನೆಗೆ ಬರುತ್ತಿದ್ದುದು ಅವತ್ತಿನ ಮೇವಿನ ಹೊರೆ ಮಾತ್ರ. ಕಣ ಅಂದರೆ ಒಕ್ಕಣೆ ಜಾಗ ಅಂತಷ್ಟೇ ನಾವು ತಿಳಿದಿದ್ದೇವೆ. ಊರಿನ ಅತಿ ಬೇಗ ಹತ್ತಿಕೊಳ್ಳುವ ವಸ್ತುವನ್ನು ಮನೆಗಳಿಂದ ಬೇರೆ ಮಾಡಿ ಇಡುವ ಜಾಗವೂ ಅದೇ ಆಗಿತ್ತು.

ಎರಡನೆಯದು ಅಂಗಳ. ಬೆಳಗಾಗೆದ್ದು ಮನೆಯ ಹೆಣ್ಣುಮಕ್ಕಳು ಬಾಗಿಲ ಮುಂದೆ ಗುಡಿಸಿ ಸಗಣಿ ನೀರು ಹಾಕಿ ರಂಗೋಲಿ ಇಡುತ್ತಿದ್ದರು. ಲಕ್ಷ್ಮಿ ಬರಲಿ ಅಂತ ಮಾಡಿದ ಪದ್ಧತಿ ಸರಿ. ಅದರ ಜೊತೆಗೆ ಇನ್ನೊಂದು ಉಪಯೋಗವೂ ಆಗುತ್ತಿತ್ತು. ಗೋಡೆ ಬುಡದಲ್ಲಿ ಒಂದು ತರಗೆಲೆ, ಒಂದು ಹುಲ್ಲುಕಡ್ಡಿ ಇಲ್ಲದ ಮೇಲೆ ಅಲ್ಲಿ ಬಿದ್ದ ಕಿಡಿಗೆ ತಿನ್ನಲು ಏನೂ ಸಿಗದು. ಅಗ್ನಿಶಾಮಕದ ಲಾರಿ ಬರುವುದಕ್ಕೆ ನೂರಾರು ವರ್ಷ ಮುಂಚೆ ಆ ಕೆಲಸ ಮಾಡಿದ್ದು ಕಸಪೊರಕೆ.

ಮೂರನೆಯದು ಬೇಲಿ. ಊರ ಸುತ್ತ ಕಳ್ಳಿ, ಕತ್ತಾಳೆ ನೆಡುತ್ತಿದ್ದರು. ಮೈಯೆಲ್ಲ ನೀರು ತುಂಬಿಕೊಂಡ ಗಿಡಗಳು. ದನಕ್ಕೂ ಅಡ್ಡ, ಕಳ್ಳರಿಗೂ ಅಡ್ಡ, ಹುಲ್ಲಿನ ಬೆಂಕಿಗೂ ಅಡ್ಡ. ನಾಲ್ಕನೆಯದು ಗೋಡೆ. ಮಣ್ಣಿನ ದಪ್ಪ ಗೋಡೆ, ಸಣ್ಣ ಗವಾಕ್ಷಿ. ಚಿತ್ರದುರ್ಗ, ಬಳ್ಳಾರಿ, ಕೊಪ್ಪಳದ ಕಡೆ ಹೋದರೆ ಮಾಳಿಗೆ ಮನೆಗಳನ್ನು ನೋಡಬಹುದು. ಅಲ್ಲಿ ಗೋಡೆಯಷ್ಟೇ ಅಲ್ಲ, ಚಾವಣಿಯ ಮೇಲೂ ಮಣ್ಣು. ಬಿಸಿಲಿಗೆ ತಂಪು ಅಂತ ಹೊದಿಸಿದ ಮಣ್ಣೇ ಕಿಡಿಗೆ ಕವಚ.

ಇಷ್ಟಾದರೂ ಬೆಂಕಿ ಬಿದ್ದರೆ ಕೆಲಸ ಹಂಚಿಕೆಯಾಗಿರುತ್ತಿತ್ತು. ಒಬ್ಬ ಕೊಟ್ಟಿಗೆಗೆ ನುಗ್ಗಿ ದನದ ಕಣ್ಣಿ ಕೊಯ್ಯಬೇಕು, ಗಂಟು ಬಿಚ್ಚುತ್ತಾ ಕೂರಬಾರದು. ಒಂದಷ್ಟು ಜನ ಬಾವಿಯಿಂದ ಸಾಲು ನಿಂತು ಕೊಡ ದಾಟಿಸಬೇಕು. ಗಟ್ಟಿ ಆಳುಗಳು ಉರಿಯುವ ಗುಡಿಸಲನ್ನು ಬಿಟ್ಟು ಅದರ ಪಕ್ಕದ ಗುಡಿಸಲು ಹತ್ತಿ ಹುಲ್ಲು ಕಿತ್ತು ಗಳ ಎಳೆದು ಹಾಕಬೇಕು. ಉರಿಯುವ ಮನೆಯಲ್ಲಿ ಗಳ ಹಿರಿಯೋದು ಅಂತ ನಾವು ಗಾದೆಯನ್ನು ಕೆಟ್ಟ ಅರ್ಥದಲ್ಲಿ ಆಡುತ್ತೇವೆ. ಇನ್ನೂ ಹತ್ತದ ಮನೆಯ ಗಳ ಹಿರಿದು ಬೀದಿ ಉಳಿಸಿದವರೂ ಇದ್ದರು. ಹಾಗೆ ಸೂರು ಕಳಕೊಂಡವನಿಗೆ ಊರವರೆಲ್ಲ ಸೇರಿ ಹೊಸ ಹುಲ್ಲು ಹೊದಿಸಿಕೊಡಬೇಕಾಗಿತ್ತು. ಈ ನಂಬಿಕೆ ಇದ್ದುದರಿಂದಲೇ ಆತ ತನ್ನ ಗಳ ಎಳೆಯಲು ಬಿಡುತ್ತಿದ್ದ. ಸಹಕಾರ ಅನ್ನುವ ಮಾತು ಕಾಯ್ದೆಯಾಗಿ ಬಂದದ್ದು 1904ರಲ್ಲಿ, ಗದಗದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಂಘ ಕಟ್ಟಿದ್ದು 1905ರಲ್ಲಿ. ಅದಕ್ಕೂ ಮುಂಚೆ ಸಹಕಾರ ನಮ್ಮ ಹಳ್ಳಿಗಳಲ್ಲಿ ಹೀಗೆ ಇತ್ತು.

ಹೆಂಚು ಬಂದಿತು, ಹುಲ್ಲು ಹೋಯಿತು

1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಎಂಬವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಒಂದಕ್ಕೊಂದು ಕಚ್ಚಿಕೊಂಡು ಕೂರುವ ಆ ಹೆಂಚು ಮಳೆಗಷ್ಟೇ ಅಲ್ಲ, ಬೆಂಕಿಗೂ ಒಳ್ಳೆಯದಾಗಿತ್ತು. ನಮ್ಮಂಥ ಒಳನಾಡಿನ ಹಳ್ಳಿಗೆ ಅದು ತಲುಪಲು ಬಹಳ ಕಾಲ ಹಿಡಿಯಿತು. ಆಮೇಲೆ ಜನತಾ ಮನೆ, ಆಶ್ರಯ ಮನೆ ಬಂದವು. ಆರ್.ಸಿ.ಸಿ. ಬಂತು, ಶೀಟು ಬಂತು. ಈಗ ನಮ್ಮೂರಿನಲ್ಲಿ ಹುಲ್ಲು ಹೊದಿಸಿದ ವಾಸದ ಮನೆ ಹುಡುಕಿದರೂ ಸಿಗದು. ಇದು ದೊಡ್ಡ ಅನುಕೂಲ.

ಅನುಕೂಲದ ಜೊತೆಗೆ ಧೈರ್ಯವೂ ಅತಿಯಾಯಿತು. ತಾರಸಿ ಮನೆಗೆ ಏನು ಬೆಂಕಿ ಅಂತ ಹೇಳಿಕೊಂಡು ಹಳೇ ಕಟ್ಟುಪಾಡುಗಳನ್ನೆಲ್ಲ ಒಂದೊಂದಾಗಿ ಬಿಟ್ಟೆವು. ಈ ಮಾತನ್ನು ಮುಂದೆ ಮತ್ತೆ ತೆಗೆಯುತ್ತೇವೆ.

ಕಾಡಿನ ಬೆಂಕಿ, ಕಾಡಿನ ಕಾನೂನು

ಬ್ರಿಟಿಷರು 1864ರಲ್ಲಿ ಅರಣ್ಯ ಇಲಾಖೆ ಮಾಡಿ, ಡೀಟ್ರಿಚ್ ಬ್ರಾಂಡಿಸ್ ಎಂಬ ಜರ್ಮನಿಯವರನ್ನು ಅದರ ಮುಖ್ಯಸ್ಥರನ್ನಾಗಿ ಇಟ್ಟರು. ಅದೇ ದಶಕದಲ್ಲಿ ಮಧ್ಯ ಪ್ರಾಂತ್ಯದ ಬೋರಿ ಕಾಡಿನಲ್ಲಿ ಕರ್ನಲ್ ಪಿಯರ್ಸನ್ ಎಂಬ ಅಧಿಕಾರಿ ಬೆಂಕಿ ರೇಖೆ ಕಡಿಸಿ, ಕಾವಲಿಟ್ಟು, ಕಾಡನ್ನು ಬೆಂಕಿಯಿಂದ ಉಳಿಸಬಹುದು ಅಂತ ತೋರಿಸಿದರು. ಅಲ್ಲಿಂದ ಮುಂದೆ ದೇಶದ ಕಾಡುಗಳಲ್ಲೆಲ್ಲ ಬೆಂಕಿ ರೇಖೆಯ ಪದ್ಧತಿ ಹಬ್ಬಿತು. ರೇಖೆ ಅಂದರೆ ಏನು? ಕಾಡಿನ ನಡುವೆ, ಅಂಚಿನಲ್ಲಿ ಪಟ್ಟೆಯಾಗಿ ಹುಲ್ಲು ತರಗು ತೆಗೆದು ನೆಲ ಬರಿದು ಮಾಡುವುದು. ಕಣದ ತತ್ವವೇ ಕಾಡಿಗೆ ಹೋದ ಹಾಗೆ.

1927ರ ಭಾರತೀಯ ಅರಣ್ಯ ಕಾಯ್ದೆ ಕಾಡಿಗೆ ಬೆಂಕಿ ಇಡುವುದನ್ನು ಅಪರಾಧ ಮಾಡಿತು. ಕಾಡಿನಲ್ಲಿ ಹಕ್ಕು ಪಡೆದವರು ಬೆಂಕಿ ಆರಿಸಲು ನೆರವಾಗಬೇಕು ಅಂತಲೂ ಹೇಳಿತು. ನಮ್ಮ ರಾಜ್ಯದ ಅರಣ್ಯ ಕಾಯ್ದೆ ಬಂದದ್ದು 1963ರಲ್ಲಿ. 1972ರ ವನ್ಯಜೀವಿ ಕಾಯ್ದೆ ಅಭಯಾರಣ್ಯದೊಳಗೆ ಬೆಂಕಿ ಹಚ್ಚುವುದನ್ನು ನಿಷೇಧಿಸಿತು. ಬಂಡೀಪುರ 1973ರಲ್ಲಿ ಹುಲಿ ಯೋಜನೆಗೆ ಸೇರಿತು. ಬೇಸಿಗೆಗೆ ಮುಂಚೆ ರೇಖೆ ಹೊಡೆಯಲು, ಬೇಸಿಗೆಯಲ್ಲಿ ಬೆಂಕಿ ಕಾವಲಿಗೆ ನಮ್ಮಂಥ ಊರಿನ ಹುಡುಗರೇ ಹೋಗುತ್ತಾರೆ. ಸೊಪ್ಪು ಹಿಡಿದು ಉರಿ ಬಡಿಯುವ ಆ ಕೆಲಸ ಎಂಥದ್ದು ಅಂತ ಅವರ ಮನೆಯವರನ್ನು ಕೇಳಬೇಕು.

ಇದಕ್ಕೆ ಇನ್ನೊಂದು ಮುಖವೂ ಇದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ತರಗು ಬೆಂಕಿ ಅಂತ ಇಡುತ್ತಿದ್ದರು. ಒಣಗಾಲದ ಶುರುವಿನಲ್ಲೇ, ನೆಲದಲ್ಲಿ ಇನ್ನೂ ಪಸೆ ಇರುವಾಗ, ತರಗನ್ನು ಮಾತ್ರ ತಿಂದು ಆರಿ ಹೋಗುವ ಸಣ್ಣ ಉರಿ. 1974ರಲ್ಲಿ ಅಲ್ಲಿ ವನ್ಯಜೀವಿ ಧಾಮವಾದ ಮೇಲೆ ಅದು ನಿಂತಿತು. ಅದು ನಿಂತ ಮೇಲೆ ಲಂಟಾನ ಹೆಚ್ಚಿತು, ನೆಲ್ಲಿ ಮರಕ್ಕೆ ಉಪ್ಪಿಲು ಬಂದಣಿಕೆ ಹತ್ತಿತು ಅಂತ ಸೋಲಿಗ ಹಿರಿಯರು ಹೇಳುತ್ತಾರೆ, ಅವರ ಮಾತನ್ನು ಕೇಳಿ ಸಂಶೋಧಕರೂ ಬರೆದಿದ್ದಾರೆ. ಸಣ್ಣ ಬೆಂಕಿ ಇಲ್ಲದ ಕಡೆ ಸೌದೆ ಕೂಡಿ ಕೂಡಿ ದೊಡ್ಡ ಬೆಂಕಿಗೆ ದಾರಿಯಾಗುತ್ತದೆ ಅನ್ನುವುದು ಈ ವಾದದ ಸಾರ. ಕಾಡಿಗೆ ಯಾವ ಬೆಂಕಿ ಒಳ್ಳೆಯದು ಅನ್ನುವುದನ್ನು ತಿಳಿದವರು ಕೂತು ತೀರ್ಮಾನಿಸಲಿ. ನಾವಂತೂ ಬೆಂಕಿಪೊಟ್ಟಣ ಹಿಡಿದು ಕಾಡಂಚಿಗೆ ಹೋಗಬಾರದು. ಅದು ಕಾನೂನಿಗೂ ತಪ್ಪು, ಊರಿಗೂ ಅಪಾಯ.

ಲಂಟಾನದ ಬಗ್ಗೆ ಒಂದು ಮಾತು. ಅದು ಅಮೆರಿಕಾ ಖಂಡದ ಗಿಡ. ಹತ್ತೊಂಬತ್ತನೇ ಶತಮಾನದ ಮೊದಲಲ್ಲಿ ಅಲಂಕಾರಕ್ಕೆ ಅಂತ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದರು. ಅಲ್ಲಿಂದ ನಮ್ಮ ಬಂಡೀಪುರದ ತನಕ ಬಂತು. ಒಣ ಹುಲ್ಲಿನ ಬೆಂಕಿ ನೆಲದ ಮಟ್ಟದಲ್ಲಿ ಓಡುತ್ತದೆ. ನಡುವೆ ಲಂಟಾನದ ಒಣ ಮೆಳೆ ಸಿಕ್ಕಿದರೆ ಅದೇ ಏಣಿಯಾಗಿ ಉರಿ ಮರದ ಕೊಂಬೆಗೆ ಏರುತ್ತದೆ. ಈಗ ಆ ಮೆಳೆ ನಮ್ಮ ಹೊಲದ ಬದುವಿಗೂ ಹಿತ್ತಲ ಬೇಲಿಗೂ ಬಂದಿದೆ.

2019ರ ಫೆಬ್ರವರಿ

ಇದನ್ನು ನಮ್ಮ ಸೀಮೆಯವರು ಯಾರೂ ಮರೆತಿಲ್ಲ. 2017ರ ಫೆಬ್ರವರಿಯಲ್ಲೇ ಬಂಡೀಪುರದಲ್ಲಿ ದೊಡ್ಡ ಬೆಂಕಿ ಬಿದ್ದು, ಅದನ್ನು ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಪ್ರಾಣ ಕಳಕೊಂಡಿದ್ದರು. 2019ರ ಫೆಬ್ರವರಿ 21ರ ಹೊತ್ತಿಗೆ ಗೋಪಾಲಸ್ವಾಮಿ ಬೆಟ್ಟದ ಕಡೆ ಎದ್ದ ಉರಿ ನಾಲ್ಕೈದು ದಿನ ಕೈಗೇ ಸಿಗಲಿಲ್ಲ. ಗಾಳಿ ಜೋರು, ಬೆಟ್ಟದ ಏರು, ಹುಲ್ಲು ಎದೆಮಟ್ಟ. ರೇಖೆಗಳನ್ನು ಕಿಡಿಗಳು ಹಾರಿ ದಾಟಿದವು. ಕೊನೆಗೆ 25ನೇ ತಾರೀಕು ವಾಯುಸೇನೆಯ ಹೆಲಿಕಾಪ್ಟರುಗಳು ದೊಡ್ಡ ಚೀಲದಲ್ಲಿ ನೀರು ತುಂಬಿ ತಂದು ಸುರಿದವು. ಉಪಗ್ರಹದ ಚಿತ್ರ ನೋಡಿ ಲೆಕ್ಕ ಹಾಕಿದಾಗ ಸುಟ್ಟಿದ್ದು ಹತ್ತು ಸಾವಿರ ಎಕರೆಗೂ ಮೀರಿತ್ತು.

ಆ ಬೆಂಕಿಯಲ್ಲಿ ನಾವು ಗಮನಿಸಬೇಕಾದ ಸಂಗತಿ ಒಂದೇ. ಅಗಲವಾದ ರಸ್ತೆ, ಕಡಿದ ರೇಖೆ ಎರಡೂ ಇದ್ದರೂ ಬೆಂಕಿ ಆಚೆಗೆ ಹೋಯಿತು. ಉರಿ ನಡೆದು ಬಂದು ದಾಟಲಿಲ್ಲ, ಕಿಡಿ ಹಾರಿ ದಾಟಿತು. ಕಾಡಿಗೆ ಆದದ್ದು ಊರಿಗೂ ಆಗಬಹುದು. ಕಾಡಿಗೂ ನಮಗೂ ನಡುವೆ ರಸ್ತೆ ಇದೆ, ಹೊಲ ಇದೆ, ಇಲ್ಲಿಗೆಲ್ಲಿ ಬರುತ್ತೆ ಅನ್ನುವ ಮಾತಿಗೆ ಅರ್ಥವಿಲ್ಲ.

ಹೊರದೇಶದವರು ಬೆಲೆ ಕೊಟ್ಟು ಕಲಿತ ಪಾಠ

ಈ ಕಿಡಿಯ ವಿಷಯವನ್ನು ತುಂಬಾ ಬೆಲೆ ಕೊಟ್ಟು ಕಲಿತವರು ಆಸ್ಟ್ರೇಲಿಯಾ ಮತ್ತು ಅಮೆರಿಕಾದವರು. ಅಲ್ಲಿಯೂ ಒಣ ಸೀಮೆಗಳಿವೆ, ಅಲ್ಲಿ ಮನೆಗಳನ್ನು ಕಾಡಿನ ಒಳಕ್ಕೇ ಕಟ್ಟಿಕೊಂಡಿದ್ದಾರೆ. ಆಸ್ಟ್ರೇಲಿಯಾದಲ್ಲಿ 1983ರ ಫೆಬ್ರವರಿ 16ರಂದು ಎದ್ದ ಬೆಂಕಿಯಲ್ಲಿ 75 ಜನ ಸತ್ತರು. 2009ರ ಫೆಬ್ರವರಿ 7ರಂದು ವಿಕ್ಟೋರಿಯಾ ರಾಜ್ಯದಲ್ಲಿ 173 ಜನ ಸತ್ತು ಎರಡು ಸಾವಿರಕ್ಕೂ ಹೆಚ್ಚು ಮನೆ ಸುಟ್ಟವು. ಅಮೆರಿಕಾದ ಕ್ಯಾಲಿಫೋರ್ನಿಯಾದಲ್ಲಿ 2018ರ ನವೆಂಬರ್ 8ರಂದು ಪ್ಯಾರಡೈಸ್ ಎಂಬ ಊರೇ ಸುಟ್ಟು 85 ಜನ ತೀರಿಕೊಂಡರು, ಹದಿನೆಂಟು ಸಾವಿರಕ್ಕೂ ಹೆಚ್ಚು ಕಟ್ಟಡ ಹೋದವು. 2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ನಗರದ ಅಂಚಿನಲ್ಲಿ ಹದಿನಾರು ಸಾವಿರಕ್ಕೂ ಹೆಚ್ಚು ಕಟ್ಟಡ ಬೂದಿಯಾದವು. ನಮ್ಮ ಕನ್ನಡದ ಮಕ್ಕಳು ಬಹಳ ಜನ ಆ ರಾಜ್ಯದಲ್ಲಿ ಕೆಲಸಕ್ಕಿದ್ದಾರೆ. ದುಡ್ಡಿಗೆ, ಯಂತ್ರಕ್ಕೆ, ವಿಮಾನಕ್ಕೆ ಕಡಿಮೆ ಇಲ್ಲದ ದೇಶ ಅದು. ಆದರೂ ಗಾಳಿ ಎದ್ದ ದಿನ ಯಾವ ಯಂತ್ರವೂ ಸಾಲದಾಯಿತು.

ಪ್ಯಾರಡೈಸ್ ಊರಿನ ಚಿತ್ರಗಳಲ್ಲಿ ಒಂದು ಆಶ್ಚರ್ಯವಿದೆ. ಮನೆ ಬುಡಮಟ್ಟ ಬೂದಿಯಾಗಿದೆ, ಅದರ ಪಕ್ಕದಲ್ಲೇ ಮರ ಹಸಿರಾಗಿ ನಿಂತಿದೆ. ಕಾಡಿನ ಉರಿ ಗೋಡೆಯಾಗಿ ಬಂದು ಮನೆಯನ್ನು ನುಂಗಿದ್ದರೆ ಮರ ಹೇಗೆ ಉಳಿಯಿತು? ಅಮೆರಿಕಾದ ಅರಣ್ಯ ಸೇವೆಯ ಜಾಕ್ ಕೋಹೆನ್ ಎಂಬ ವಿಜ್ಞಾನಿ ಇದನ್ನು ಬಹಳ ಮುಂಚೆಯೇ ವಿಚಾರ ಮಾಡಿದ್ದರು. 1990ರ ದಶಕದ ಕೊನೆಯಲ್ಲಿ ಕೆನಡಾದ ಉತ್ತರದಲ್ಲಿ ಬೇಕೆಂದೇ ಕಾಡಿಗೆ ಬೆಂಕಿ ಹಚ್ಚಿ ಪರೀಕ್ಷೆ ನಡೆಸಿದರು. ಮರದ ತುದಿಯಲ್ಲಿ ಉರಿಯುವ ಭಾರಿ ಬೆಂಕಿಯ ಎದುರಿಗೆ ಮರದ ಗೋಡೆಗಳನ್ನು 10, 20, 30 ಮೀಟರ್ ದೂರದಲ್ಲಿ ನಿಲ್ಲಿಸಿದ್ದರು. 10 ಮೀಟರಿನ ಗೋಡೆ ಕೆಲವು ಸಲ ಹತ್ತಿಕೊಂಡಿತು. 20 ಮೀಟರಿನದು ಹೆಚ್ಚೆಂದರೆ ಕಂದಿತು. 30 ಮೀಟರ್, ಅಂದರೆ ಸುಮಾರು 100 ಅಡಿ ದೂರದ ಗೋಡೆಗೆ ಏನೂ ಆಗಲಿಲ್ಲ. ನೆನಪಿರಲಿ, ಅದು ಮರದ ಗೋಡೆ.

ಹಾಗಾದರೆ ಮನೆಗಳು ಸುಟ್ಟದ್ದು ಹೇಗೆ? ಗಾಳಿ ಹೊತ್ತು ತಂದ ಕಿಡಿ, ಕೆಂಡದ ಚೂರು. ಅವು ಸೂರಿನ ಮೇಲಿನ ತರಗೆಲೆಗೆ, ಗೋಡೆ ಪಕ್ಕದ ಸೌದೆ ರಾಶಿಗೆ, ಮೆಟ್ಟಿಲ ಕೆಳಗಿನ ಕಸಕ್ಕೆ ಬಿದ್ದವು. ಕಿಂಡಿಯಲ್ಲಿ ನುಸುಳಿ ಅಟ್ಟಕ್ಕೆ ಹೋದವು. ಹತ್ತಿದ ಮೊದಲ ಮನೆ ಪಕ್ಕದ ಮನೆಗೆ ಉರಿ ಕೊಟ್ಟಿತು. ಆದ್ದರಿಂದ ಈಗ ಕ್ಯಾಲಿಫೋರ್ನಿಯಾದಲ್ಲಿ ಮನೆಯ ಸುತ್ತ ಮೂರು ಸುತ್ತು ಮಾಡಿ ಹೇಳುತ್ತಾರೆ. ಗೋಡೆಯಿಂದ 5 ಅಡಿ ಒಳಗೆ ಹತ್ತಿಕೊಳ್ಳುವಂಥದ್ದು ಏನೂ ಇರಬಾರದು. 30 ಅಡಿ ಒಳಗೆ ಒಣಗಿದ್ದನ್ನು ತೆಗೆದು ಗಿಡಗಳ ನಡುವೆ ಸಂದು ಬಿಡಬೇಕು. 100 ಅಡಿ ತನಕ ಹುಲ್ಲು, ಮೆಳೆ ತಗ್ಗಿಸಬೇಕು. ಕಿಂಡಿಗಳಿಗೆ ಎಂಟನೇ ಒಂದು ಇಂಚಿಗಿಂತ ದೊಡ್ಡ ಕಣ್ಣಿಲ್ಲದ ತಂತಿ ಜಾಲರಿ ಹಾಕಬೇಕು.

ಇದನ್ನು ಓದಿದಾಗ ನಮಗೆ ನೆನಪಾದದ್ದು ಸಗಣಿ ನೀರು ಹಾಕಿದ ಅಂಗಳ, ಊರಾಚೆಯ ಕಣ. ಅವರು ಪರೀಕ್ಷೆ ಮಾಡಿ ಕಂಡ ಮಾತನ್ನು ನಮ್ಮ ಅಜ್ಜಿಯರು ಕಸಪೊರಕೆಯಲ್ಲೇ ಬರೆದಿದ್ದರು.

ನಮ್ಮೂರು ಈಗ ಹೇಗಿದೆ

ಈಗ ನಮ್ಮ ಬೀದಿಗಳನ್ನು ಒಂದು ಸುತ್ತು ಹಾಕಿ ನೋಡೋಣ. ಕಣಗಳು ಹೋದವು. ಕೆಲವು ನಿವೇಶನವಾದವು, ಕೆಲವು ಉಳುಮೆಗೆ ಸೇರಿದವು, ಒಕ್ಕಣೆ ಟಾರು ರಸ್ತೆಗೆ ಬಂತು. ಮೆದೆ ಹಿತ್ತಲಿಗೆ ಬಂತು, ಹಿತ್ತಲಿನಿಂದ ಕೊಟ್ಟಿಗೆ ಗೋಡೆಗೆ ಬಂತು. ಇದಕ್ಕೆ ಕಾರಣ ಇಲ್ಲದೆ ಇಲ್ಲ. ಸೀಮೆ ಹಸು ಮನೆ ಬಾಗಿಲಲ್ಲೇ ಕಟ್ಟಿ ಮೇಯಿಸಬೇಕು, ಮೇವು ಹತ್ತಿರ ಬೇಕು. ದೂರ ಇಟ್ಟರೆ ಆನೆ ಕಾಟ, ಕಳ್ಳರ ಕಾಟ. ಹೊತ್ತು ತರುವ ಕೆಲಸ ಹೆಂಗಸರ ತಲೆ ಮೇಲೆ. ಈ ಕಷ್ಟ ನಮಗೂ ಗೊತ್ತು.

ಆದರೆ ಫಲ ಏನಾಗಿದೆ? ಮೆದೆಗೆ ಮಳೆ ಬೀಳದಿರಲಿ ಅಂತ ಪ್ಲಾಸ್ಟಿಕ್ ಟಾರ್ಪಾಲು ಹೊದಿಸಿದ್ದೇವೆ, ಅದು ಕಿಡಿಗೆ ಕರಗಿ ಉರಿಯುವ ವಸ್ತು. ಬೆರಣಿ ಗೂಡು ಗೋಡೆಗೆ ಒರಗಿದೆ. ತೆಂಗಿನ ಗರಿ, ಜೋಳದ ದಂಟು ಸಂದಿಯಲ್ಲಿ ತುಂಬಿದೆ. ಬೇಲಿಯಲ್ಲಿ ಲಂಟಾನ. ಮೆದೆಯ ಮೇಲೆ ಹಾದ ಕರೆಂಟು ತಂತಿ ಗಾಳಿಗೆ ಒಂದಕ್ಕೊಂದು ತಾಗಿ ಕಿಡಿ ಉದುರಿಸುತ್ತದೆ. ಕಾಡಿನಿಂದ ಬರುವ ಬೆಂಕಿಗಿಂತ ನಮ್ಮ ಕೈಯಿಂದಲೇ ಹೊರಡುವ ಬೆಂಕಿ ಹೆಚ್ಚು. ಬದುವಿನ ಕಸ ಸುಡುವುದು, ಕಬ್ಬಿನ ತರಗಿಗೆ ಹಚ್ಚುವುದು, ಸೇದಿದ ಬೀಡಿ ಎಸೆಯುವುದು, ಒಲೆಯ ಬೂದಿಯನ್ನು ಕೆಂಡ ಆರದೆ ತಿಪ್ಪೆಗೆ ಸುರಿಯುವುದು. ಮಹಾಭಾರತದಲ್ಲಿ ಪಾಂಡವರಿಗೆ ಅರಗಿನ ಮನೆ ಕಟ್ಟಿಸಿದ್ದು ದುರ್ಯೋಧನ. ನಮಗೆ ಆ ತೊಂದರೆಯೂ ಇಲ್ಲ, ನಮ್ಮ ಅರಗಿನ ಮನೆಯನ್ನು ನಾವೇ ಕಟ್ಟಿಕೊಂಡಿದ್ದೇವೆ.

ಮೆದೆಗೆ ಬೆಂಕಿ ಬಿದ್ದರೆ ಏನಾಗುತ್ತದೆ ಅಂತ ಕಂಡವರು ನಮ್ಮಲ್ಲೇ ಇದ್ದಾರೆ. ಮೇಲೆ ಎಷ್ಟು ನೀರು ಸುರಿದರೂ ಒಳಗೆ ಇಳಿಯದು, ಎಳೆದು ಹರಡಿದರೆ ಮಾತ್ರ ಆರುತ್ತದೆ, ಇಲ್ಲವಾದರೆ ಮೂರು ದಿನ ಒಳಗೊಳಗೇ ಕಾಯುತ್ತಿರುತ್ತದೆ. ಅಗ್ನಿಶಾಮಕದವರಿಗೆ ಫೋನು ಮಾಡಿದರೆ ಬರುತ್ತಾರೆ. ತಾಲ್ಲೂಕು ಕೇಂದ್ರದಿಂದ ಹೊರಟ ಗಾಡಿ ಬರುವಷ್ಟರಲ್ಲಿ ಹುಲ್ಲಿನ ಉರಿ ತನ್ನ ಕೆಲಸ ಮುಗಿಸಿರುತ್ತದೆ. ಮಾರ್ಚ್ ತಿಂಗಳಲ್ಲಿ ಮೇವು ಸುಟ್ಟವನು ಹೊಸ ಹುಲ್ಲು ಎಲ್ಲಿಂದ ತರುತ್ತಾನೆ? ಸಾಲ ತೀರದ ಹಸುವನ್ನು ಸಂತೆಗೆ ಹೊಡೆದುಕೊಂಡು ಹೋಗಿ ಕೇಳಿದ ಬೆಲೆಗೆ ಕೊಟ್ಟು ಬರುತ್ತಾನೆ. ಹಾಲು ನಿಲ್ಲುತ್ತದೆ, ಮಕ್ಕಳ ಫೀಸು ನಿಲ್ಲುತ್ತದೆ, ಸಂಘದ ಕಂತೂ ನಿಲ್ಲುತ್ತದೆ. ಒಂದು ಕಿಡಿಯ ಲೆಕ್ಕ ಇಷ್ಟು ದೂರ ಹೋಗುತ್ತದೆ.

ಬೇಸಿಗೆಗೆ ಮುಂಚೆ ಆಗಬೇಕಾದ್ದು

ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರು ಅನ್ನಿಸಿಕೊಳ್ಳಬಾರದು. ಸಂಕ್ರಾಂತಿ ಒಳಗೆ ಮುಗಿಯಬೇಕಾದ ಕೆಲಸ ಇವು. ಇವಕ್ಕೆ ಖರ್ಚು ಕಡಿಮೆ, ಮೈಮುರಿಯುವುದು ಹೆಚ್ಚು.

ಪ್ರತಿ ಮನೆಯವರು ಗೋಡೆ ಬುಡದ ಐದಡಿ ಜಾಗ ಬರಿದಾಗಿ ಇಟ್ಟುಕೊಳ್ಳಬೇಕು. ಬೆರಣಿ, ಸೌದೆ, ಗರಿ ಎಲ್ಲ ಅದರಾಚೆ ಹೋಗಬೇಕು, ಎಷ್ಟು ದೂರವಾದರೆ ಅಷ್ಟು ಒಳ್ಳೆಯದು. ಹೆಂಚಿನ ಸಂದಿ, ತಾರಸಿಯ ಮೂಲೆ, ನೀರು ಹೋಗುವ ದೋಣಿಯಲ್ಲಿ ಕೂತ ತರಗನ್ನು ಹತ್ತಿ ತೆಗೆಯಬೇಕು. ಒಡೆದ ಹೆಂಚು ಬದಲಿಸಬೇಕು. ಗವಾಕ್ಷಿಗೆ ಸಣ್ಣ ಕಣ್ಣಿನ ತಂತಿ ಜಾಲರಿ ಹೊಡೆಯಬೇಕು, ಸೊಳ್ಳೆಗೂ ಆಯಿತು, ಕಿಡಿಗೂ ಆಯಿತು. ಹಿತ್ತಲ ಬೇಲಿಯ ಲಂಟಾನ ಬೇರುಸಹಿತ ಕೀಳಬೇಕು, ಆ ಜಾಗದಲ್ಲಿ ಕತ್ತಾಳೆ ಹಾಕಬಹುದು.

ಮೆದೆಯ ವಿಷಯದಲ್ಲಿ ನಮ್ಮ ಸಲಹೆ ಎರಡು ಮೆದೆ. ಒಂದು ವಾರಕ್ಕೆ ಬೇಕಾದ ಹುಲ್ಲು ಮಾತ್ರ ಮನೆ ಹತ್ತಿರ, ಅದೂ ಗೋಡೆಗೆ ತಾಗದ ಹಾಗೆ. ಉಳಿದದ್ದು ಕಡಿಮೆಯೆಂದರೂ ನೂರಡಿ ಆಚೆ, ಕರೆಂಟು ತಂತಿಯ ಕೆಳಗೆ ಬೇಡ. ಅದರ ಸುತ್ತ ಟ್ರ್ಯಾಕ್ಟರಿನಲ್ಲಿ ಎರಡು ಮೂರು ಸುತ್ತು ಉತ್ತು ಮಣ್ಣು ಮೇಲೆ ಮಾಡಿದರೆ ಹುಲ್ಲಿನ ಬೆಂಕಿ ಹರಿದು ಬಂದು ಅಲ್ಲೇ ನಿಲ್ಲುತ್ತದೆ. ಇಬ್ಬರು ಮೂವರ ಮೆದೆ ಒಂದಕ್ಕೊಂದು ತಾಗಿಸಿ ಒಟ್ಟಬಾರದು, ಒಂದು ಹತ್ತಿದರೂ ಇನ್ನೊಂದು ಉಳಿಯಬೇಕು.

ಇನ್ನು ಒಬ್ಬೊಬ್ಬರಿಂದ ಆಗದ, ಸಂಘದಿಂದ ಮಾತ್ರ ಆಗುವ ಕೆಲಸ. ನಮ್ಮ ಮನೆ ಎಷ್ಟೇ ಚೊಕ್ಕಟ ಇದ್ದರೂ ಪಕ್ಕದವರ ಮೆದೆ ನಮ್ಮ ಗೋಡೆಗಿದ್ದರೆ ಪ್ರಯೋಜನವಿಲ್ಲ. ಊರಿನ ಕಾಡು ಕಡೆಯ ಬೀಳು ಹೊಲಗಳ ಅಂಚಿನಲ್ಲಿ ಡಿಸೆಂಬರಿನಲ್ಲೇ ಒಂದು ಅಗಲವಾದ ಪಟ್ಟೆ ಉಳುಮೆಯಾಗಬೇಕು. ಹೊಲದವರ ಒಪ್ಪಿಗೆ ಪಡೆದು ಬಾಡಿಗೆಯನ್ನು ಎಲ್ಲರೂ ಹಂಚಿಕೊಳ್ಳುವುದು ನ್ಯಾಯ. ಮನೆ ಹತ್ತಿರ ಜಾಗ ಇಲ್ಲದ ಸದಸ್ಯರಿಗೆ ಮೆದೆ ಒಟ್ಟಲು ಒಂದು ಸಾಮೂಹಿಕ ಕಣ ಬೇಕು, ಸುತ್ತ ಬೇಲಿ, ರಾತ್ರಿ ಸರದಿಯ ಕಾವಲು ಇರಬೇಕು. ಕಳ್ಳತನ, ಆನೆ ಭಯ ಒಬ್ಬನಿಗೆ ದೊಡ್ಡದು, ನೂರು ಜನಕ್ಕೆ ಹಂಚಿದರೆ ಸಣ್ಣದು. ಇದನ್ನು ಮುಂದಿನ ಸರ್ವ ಸದಸ್ಯರ ಸಭೆಯಲ್ಲಿ ವಿಷಯಸೂಚಿಗೆ ತರಲು ನಾವು ನಿರ್ದೇಶಕರ ಮಂಡಳಿಯನ್ನು ಕೇಳಿಕೊಳ್ಳುತ್ತೇವೆ.

ಬೆಂಕಿ ಕಂಡ ಕೂಡಲೇ 101 ಅಥವಾ 112ಕ್ಕೆ ಫೋನು ಮಾಡಬೇಕು, ಅರಣ್ಯದವರಿಗೂ ತಿಳಿಸಬೇಕು. ಮೊದಲು ಮುದುಕರು, ಮಕ್ಕಳು ಆಚೆ ಹೋಗಲಿ, ಆಮೇಲೆ ದನದ ಕಣ್ಣಿ ಕೊಯ್ಯಿರಿ. ಬಿಟ್ಟ ದನ ಗಾಬರಿಯಲ್ಲಿ ಮತ್ತೆ ಕೊಟ್ಟಿಗೆಗೇ ನುಗ್ಗುತ್ತದೆ, ಆದ್ದರಿಂದ ಬಾಗಿಲು ಹಾಕಿಕೊಳ್ಳಿ. ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿ. ಬಾಗಿಲು ಕಿಟಕಿ ಮುಚ್ಚಿ ಹೊರಬನ್ನಿ, ಕಿಡಿ ಒಳಗೆ ಹೋಗದು. ಉರಿ ಮುಂದೆ ಹೋದ ಮೇಲೂ ಕೆಲವು ಗಂಟೆ ಸೂರು, ಸಂದಿ ನೋಡುತ್ತಾ ಇರಬೇಕು. ದೊಡ್ಡ ಉರಿ ದಾಟಿ ಹೋದ ಬಹಳ ಹೊತ್ತಿನ ಮೇಲೆ ಸಣ್ಣ ಕೆಂಡದಿಂದ ಸುಟ್ಟ ಮನೆಗಳು ಎಷ್ಟೋ ಇವೆ. ಉರಿಗಿಂತ ಮೇಲೆ, ಇಳಿಜಾರಿನಲ್ಲಿ ಮಾತ್ರ ಯಾರೂ ನಿಲ್ಲಬೇಡಿ. ಹಸು ಹೋದರೆ ತರಬಹುದು, ಜೀವ ತರಲಾಗದು.

ಇಪ್ಪತ್ತೈದು ವರ್ಷದ ಹಿಂದೆ ಒಬ್ಬೊಬ್ಬರ ಅರ್ಧ ಲೀಟರ್, ಒಂದು ಲೀಟರ್ ಹಾಲು ಒಂದು ಕ್ಯಾನಿಗೆ ಸುರಿದಾಗ ಇದು ಇಷ್ಟು ದೊಡ್ಡದಾಗುತ್ತದೆ ಅಂತ ಯಾರೂ ಅಂದುಕೊಂಡಿರಲಿಲ್ಲ. ಹಾಗೆ ಒಬ್ಬೊಬ್ಬರ ಅಂಗಳದ ಐದೈದು ಅಡಿ ಸೇರಿದರೆ ಊರಿಗೆ ಊರೇ ಒಂದು ಬೆಂಕಿ ರೇಖೆಯಾಗುತ್ತದೆ. ಸಂಘವನ್ನು ಕಟ್ಟಿದ ಹಿರಿಯರಿಗೆ ನಾವು ತೋರಿಸಬಹುದಾದ ಗೌರವ ಅವರು ಕಟ್ಟಿದ್ದನ್ನು ಕಾಯ್ದುಕೊಳ್ಳುವುದು. ಈ ಬೆಳ್ಳಿ ಹಬ್ಬ ಸುವರ್ಣ ಹಬ್ಬವಾಗಲಿ, ಅಷ್ಟು ಕಾಲವೂ ನಮ್ಮೂರಿನ ಯಾವ ಮನೆಯ ಒಲೆಯ ಬೆಂಕಿಯೂ ಒಲೆ ದಾಟದಿರಲಿ ಎಂದು ಹಾರೈಸುತ್ತಾ ನಮ್ಮ ಈ ನಾಲ್ಕು ಮಾತು ಮುಗಿಸುತ್ತೇವೆ.